ಯಾರಿಗೆ ಯಾರು ಜೋಡಿ?

ಮೈಸೂರಿನಲ್ಲಿ ದಸರಾ ಕುಸ್ತಿ ಶುರುವಾಗುವುದಕ್ಕೆ ಮುಂಚೆ ಜೋಡಿ ಕಟ್ಟುವ ಕೆಲಸ ನಡೆಯುತ್ತದೆ. ಬೇರೆ ಬೇರೆ ಊರುಗಳ ಪೈಲ್ವಾನರು ಬಂದು ನಿಂತಿರುತ್ತಾರೆ. ಹಿರಿಯ ಉಸ್ತಾದರು ಒಬ್ಬೊಬ್ಬನ ಮೈಕಟ್ಟು ನೋಡಿ, ವಯಸ್ಸು, ತೂಕ ಕೇಳಿ, ಯಾವ ಗರಡಿಯವನು, ಹಿಂದೆ ಯಾರ ಮೇಲೆ ಆಡಿದ್ದಾನೆ ಎಂದು ವಿಚಾರಿಸಿಕೊಂಡು, ಇವನಿಗೆ ಇವನು ಸಮ ಎಂದು ತೀರ್ಮಾನ ಮಾಡುತ್ತಾರೆ. ಒಪ್ಪಿಗೆಯಾದರೆ ಇಬ್ಬರೂ ಕೈ ಕೊಡುತ್ತಾರೆ. ಆಗದಿದ್ದರೆ ಅಲ್ಲೇ ತಕರಾರು. ‘ಅವನು ನನಗಿಂತ ಐದು ಕೆಜಿ ಜಾಸ್ತಿ ಇದಾನೆ ಸ್ವಾಮಿ’ ಎಂದು ಒಬ್ಬ. ‘ಅವನು ಮ್ಯಾಟ್ ಮೇಲೆ ಆಡಿ ಬಂದೋನು, ನಮ್ಮ ಹುಡುಗ ಮಣ್ಣಿನ ಮಟ್ಟಿಯೋನು, ಹೇಗೆ ಸರಿಹೋಗುತ್ತೆ?’ ಎಂದು ಇನ್ನೊಬ್ಬನ ಉಸ್ತಾದರು. ಈ ಎರಡನೆಯ ತಕರಾರೇ ನನ್ನ ಇವತ್ತಿನ ಮಾತಿನ ವಿಷಯ.

ತೂಕಕ್ಕೆ ತಕ್ಕಡಿ ಇದೆ, ಎತ್ತರಕ್ಕೆ ಟೇಪು ಇದೆ. ಕೆಮ್ಮಣ್ಣಿನಲ್ಲಿ ಹೊರಳಿ ಬೆಳೆದವನ ಕೈಚಳಕವನ್ನು ಇಂಗ್ಲೆಂಡಿನ ಕಲ್ಲಿದ್ದಲಿನ ಊರಿನಲ್ಲಿ ಬೆಳೆದವನ ಕೈಚಳಕದ ಪಕ್ಕದಲ್ಲಿಟ್ಟು ತೂಗುವುದು ಹೇಗೆ? ಪೈಲ್ವಾನರನ್ನು ದರ್ಜೆ ಮಾಡಿ ನೋಡುವ ಚಟ ನಮಗೆ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ, ಅಂದರೆ 12ನೇ ಶತಮಾನದಲ್ಲೇ, ಮಲ್ಲವಿನೋದ ಎಂಬ ಭಾಗವಿದೆ. ಮಲ್ಲರ ಮೈ, ವಯಸ್ಸು, ಬಲ ನೋಡಿ ವರ್ಗ ಮಾಡುವುದು, ಅವರಿಗೆ ಎಂಥ ಊಟ, ಎಂಥ ಸಾಮು, ಎಲ್ಲ ಅದರಲ್ಲಿ ಬರುತ್ತದೆ. ಆದರೆ ರಾಜನ ಮುಂದೆ ಆಡುವ ಮಲ್ಲರಿಗೆ ನೆಲವೂ ಒಂದೇ, ನಿಯಮವೂ ಒಂದೇ. ನೆಲ, ನಿಯಮ ಎರಡೂ ಬೇರೆಯಾದವರನ್ನು ಎದುರುಬದುರು ನಿಲ್ಲಿಸುವ ತಲೆನೋವು ಶುರುವಾದದ್ದು ಹಡಗು, ರೈಲು, ಟಿಕೆಟ್ಟಿನ ಹಣ ಬಂದ ಮೇಲೆ. ಕುಸ್ತಿಯನ್ನೇ ಹೊಟ್ಟೆಪಾಡು ಮಾಡಿಕೊಂಡವರು ದೇಶದಿಂದ ದೇಶಕ್ಕೆ ಹೋಗತೊಡಗಿದ ಮೇಲೆ.

ಇಂಥವರನ್ನು ಹೋಲಿಸುವಾಗ ಯಾರಿಗೆ ಎಷ್ಟು ಪಟ್ಟು ಬರುತ್ತದೆ ಎಂದು ಲೆಕ್ಕ ಹಾಕುವುದು ದಂಡ ಎಂದು ನನ್ನ ಅಭಿಪ್ರಾಯ. ಮೊದಲು ಕೇಳಬೇಕಾದದ್ದು ಬೇರೆ. ಇವನು ಕಲಿತ ಕಡೆ ಸೋಲು ಅಂದರೆ ಏನು? ಯಾವುದಕ್ಕೆ ಸೋಲು ಎಂದು ಹೆಸರಿಟ್ಟಿದ್ದಾರೋ ಅದರಿಂದ ತಪ್ಪಿಸಿಕೊಳ್ಳುವುದಕ್ಕೆ, ಅದನ್ನು ಎದುರಾಳಿಯ ತಲೆಗೆ ಕಟ್ಟುವುದಕ್ಕೆ ಅವನ ವಿದ್ಯೆಯೆಲ್ಲ ಬೆಳೆದಿರುತ್ತದೆ.

ನಮ್ಮ ನಾಡಕುಸ್ತಿಯಲ್ಲಿ ಸೋಲು ಅಂದರೆ ಬೆನ್ನಿಗೆ ಮಣ್ಣು. ಒಂದು ಗಳಿಗೆ ಚಿತ್ ಆದರೂ ಮುಗಿಯಿತು, ಒತ್ತಿ ಹಿಡಿದಿಟ್ಟು ಎಣಿಸುವ ಮಾತಿಲ್ಲ. ಹಾಗಾಗಿ ಮಟ್ಟಿಯ ಪೈಲ್ವಾನನ ಜಾಣತನ ಹೆಚ್ಚಾಗಿ ನಿಂತ ನಿಲುವಿನಲ್ಲೇ ಇರುತ್ತದೆ. ಕಾಲು ಕೊಟ್ಟು ಕೆಡವುವುದು, ಢಾಕ್ ಹಾಕುವುದು, ಹೆಗಲ ಮೇಲೆ ಹೇರಿಕೊಂಡು ಕಲಾಜಂಗ್ ಒಗೆಯುವುದು. ಹದ ಮಾಡಿದ ಮಣ್ಣು ಮೆತ್ತಗಿರುತ್ತದೆ. ಎತ್ತಿ ಒಗೆಯುವವನಿಗೂ ಬೀಳುವವನಿಗೂ ಅಷ್ಟು ಅಂಜಿಕೆಯಿಲ್ಲ.

ಯುರೋಪಿನ ಗ್ರೀಕೊ ರೋಮನ್ ಕುಸ್ತಿ ಬೇರೆ ಜಾತಿಯದು. ಹೆಸರು ಪ್ರಾಚೀನ, ಹುಟ್ಟಿದ್ದು 19ನೇ ಶತಮಾನದ ಫ್ರಾನ್ಸಿನಲ್ಲಿ. ಅದರಲ್ಲಿ ಸೊಂಟದ ಕೆಳಗೆ ಕೈ ಹಾಕುವಂತಿಲ್ಲ, ಕಾಲು ಕೊಡುವಂತಿಲ್ಲ. ನಾಭಿಯ ಕೆಳಗೆ ಹೊಡೆಯಬಾರದು ಎನ್ನುವ ಗದಾಯುದ್ಧದ ನಿಯಮ ಕೇಳಿ ಬೆಳೆದ ನಮಗೆ ಇದೇನೂ ವಿಚಿತ್ರವಲ್ಲ. ಭೀಮ ಅಲ್ಲಿ ಆಡಿದ್ದರೆ ಮೊದಲ ಸುತ್ತಿಗೇ ಹೊರಗೆ. ಈ ಪದ್ಧತಿಯಲ್ಲಿ ನೆಲಕ್ಕೆ ಬಿದ್ದ ಮಾತ್ರಕ್ಕೆ ಸೋತ ಹಾಗಲ್ಲ. ಹೊಟ್ಟೆ ಅಡಿ ಮಾಡಿ ಬಿದ್ದುಕೊಂಡು ಕಾಯುವುದೂ ಒಂದು ವಿದ್ಯೆ. ಮಗುಚಿ ಎರಡು ಭುಜವನ್ನೂ ನೆಲಕ್ಕೆ ಒತ್ತಿದರೆ ಗೆಲುವು.

ಇನ್ನು ಮೂರನೆಯದು ಇಂಗ್ಲೆಂಡಿನ ಲ್ಯಾಂಕಶೈರ್ ಕಡೆಯ ಗಣಿ ಕೂಲಿಗಳ ಕುಸ್ತಿ. ಅದನ್ನು ಕ್ಯಾಚ್ ಎನ್ನುತ್ತಾರೆ. ಎಲ್ಲಿ ಸಿಕ್ಕಿದರೆ ಅಲ್ಲಿ ಹಿಡಿ, ಕಾಲಾಗಲಿ, ತೋಳಾಗಲಿ. ಭುಜ ಒತ್ತಿದರೂ ಗೆದ್ದೆ, ಕೀಲು ತಿರುಚಿ ಎದುರಾಳಿಯ ಬಾಯಿಂದ ‘ಸಾಕು’ ಎನ್ನಿಸಿದರೂ ಗೆದ್ದೆ. ಈ ‘ಸಾಕು’ ಎನ್ನಿಸುವ ಗೆಲುವು ಒಂದು ಬಂದದ್ದೇ ಕುಸ್ತಿಯ ಅರ್ಧ ಲೆಕ್ಕಾಚಾರ ಬದಲಾಯಿತು.

ಈಗ 1910ಕ್ಕೆ ಹೋಗೋಣ.

ಶರತ್ ಕುಮಾರ್ ಮಿತ್ರ ಎಂಬ ಬಂಗಾಳಿ ಶ್ರೀಮಂತರು ಹಣ ಹಾಕಿ ನಮ್ಮ ಕೆಲವು ಪೈಲ್ವಾನರನ್ನು ಲಂಡನ್ನಿಗೆ ಕಳಿಸಿಕೊಟ್ಟರು. ಅವರಲ್ಲಿ ಗಾಮಾ ಒಬ್ಬ, ಅವನ ತಮ್ಮ ಇಮಾಂ ಬಕ್ಷ್ ಒಬ್ಬ. ಗಾಮಾನ ಎತ್ತರ ಐದೂ ಮುಕ್ಕಾಲು ಅಡಿಯೂ ಇಲ್ಲ. ಅಲ್ಲಿಯ ಹೆಸರಾಂತ ಜಟ್ಟಿಗಳು ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆಮೇಲೆ ಸವಾಲು ಹಾಕಿ, ಕಾದು, ಆಗಸ್ಟ್ 8ರಂದು ಅಮೆರಿಕದ ಬೆಂಜಮಿನ್ ರೋಲರ್ ಎಂಬವನ ಮೇಲೆ ಆಡಲು ಅವಕಾಶ ಸಿಕ್ಕಿತು. ರೋಲರ್ ವೈದ್ಯ, ಆಳೂ ಭಾರಿ. ಗಾಮಾ ಅವನನ್ನು ಎರಡು ನಿಮಿಷದ ಒಳಗೆ ಒಂದು ಸಲ, ಹತ್ತು ನಿಮಿಷದ ಒಳಗೆ ಇನ್ನೊಂದು ಸಲ ಚಿತ್ ಮಾಡಿದ. ಇಮಾಂ ಬಕ್ಷ್ ಸೆಪ್ಟೆಂಬರ್ 5ರಂದು ಸ್ವಿಟ್ಜರ್ಲೆಂಡಿನ ಜಾನ್ ಲೆಮ್‌ನನ್ನು ಕೆಡವಿದ. ಲಂಡನ್ನಿನ ಪತ್ರಿಕೆಗಳು ಆಗ ಕಣ್ಣುಜ್ಜಿಕೊಂಡು ನೋಡಿದವು.

ಸೆಪ್ಟೆಂಬರ್ 10ರಂದು ವೈಟ್ ಸಿಟಿ ಸ್ಟೇಡಿಯಮ್ಮಿನಲ್ಲಿ ಗಾಮಾನ ಎದುರು ನಿಂತವನು ಸ್ಟಾನಿಸ್ಲಾಸ್ ಝಬಿಸ್ಕೊ. ಪೋಲೆಂಡಿನವನು, ಗ್ರೀಕೊ ರೋಮನ್ನಿನಲ್ಲಿ ಪಳಗಿದವನು, ಓದಿದವನು, ಹಲವು ಭಾಷೆ ಬಲ್ಲವನು. ಎತ್ತರದಲ್ಲಿ ಗಾಮಾನಿಗೆ ಸರಿಸಮ, ತೂಕದಲ್ಲಿ ಗಾಮಾನಿಗಿಂತ ಬಹಳ ಹೆಚ್ಚು. ಕುತ್ತಿಗೆ ಇದೆಯೋ ಇಲ್ಲವೋ ಎನ್ನುವಂಥ ಆಕಾರ. ನಿಯಮ ಕ್ಯಾಚ್ ಪದ್ಧತಿಯದು, ನೆಲಕ್ಕೆ ಹಾಸಿದ್ದು ಮ್ಯಾಟು. ಬಹುಮಾನ 250 ಪೌಂಡು, ಜೊತೆಗೆ ಜಾನ್ ಬುಲ್ ಬೆಲ್ಟು. ಅಂದರೆ ಇಬ್ಬರೂ ತಮ್ಮ ಮನೆ ಬಿಟ್ಟು ಮೂರನೆಯವನ ಅಂಗಳದಲ್ಲಿ ಆಡುತ್ತಿದ್ದರು.

ಗಾಮಾ ಶುರುವಿನಲ್ಲೇ ಝಬಿಸ್ಕೊನನ್ನು ಕೆಳಕ್ಕೆ ತಂದ. ಅಲ್ಲಿಂದ ಮುಂದೆ ನಡೆದದ್ದನ್ನು ಕುಸ್ತಿ ಎನ್ನಬೇಕೋ ಬೇಡವೋ ಎಂದು ಜನ ಇವತ್ತಿಗೂ ವಾದ ಮಾಡುತ್ತಾರೆ. ಝಬಿಸ್ಕೊ ಹೊಟ್ಟೆ ಅಡಿ ಮಾಡಿಕೊಂಡ, ಮೊಣಕೈಗಳನ್ನು ಪಕ್ಕೆಗೆ ಅವಚಿಕೊಂಡ, ಗದ್ದವನ್ನು ಎದೆಗೆ ಒತ್ತಿಕೊಂಡ, ಅಷ್ಟೇ. ಗಾಮಾ ಮೇಲೇರಿ ಕೂತು ಎಡಕ್ಕೆ ಎಳೆದ, ಬಲಕ್ಕೆ ಎಳೆದ, ತೋಳಿನ ಸಂದಿಯಲ್ಲಿ ಕೈ ತೂರಿಸಿದ, ಕಾಲು ಹಿಡಿದು ಎತ್ತಿದ. ಹೂತ ಒರಳುಕಲ್ಲನ್ನು ಮಗುಚಲು ಹೊರಟ ಹಾಗಾಯಿತು. ಎರಡೂವರೆ ಗಂಟೆಗೂ ಮೀರಿ ಇದೇ ನಡೆಯಿತು. ಜನ ಕೂಗಾಡಿದರು, ಪತ್ರಿಕೆಗಳು ಝಬಿಸ್ಕೊನ ಮರ್ಯಾದೆ ತೆಗೆದವು. ಅಂದು ಫಲಿತಾಂಶವಿಲ್ಲದೆ ಆಟ ನಿಂತಿತು. ಮುಂದಿನ ಶನಿವಾರ, 17ರಂದು, ಮತ್ತೆ ಆಡಬೇಕಿತ್ತು. ಝಬಿಸ್ಕೊ ಬರಲೇ ಇಲ್ಲ. ಬೆಲ್ಟು ಗಾಮಾನ ಪಾಲಾಯಿತು.

ನಮ್ಮ ಕಡೆ ಈ ಕತೆ ಹೇಳುವವರು ಇಲ್ಲಿಗೆ ನಿಲ್ಲಿಸಿ, ಬಿಳಿಯ ಹೆದರಿ ಓಡಿದ ಎಂದು ಮೀಸೆ ತಿರುವುತ್ತಾರೆ. 17ರಂದು ಬರದೇ ಹೋದದ್ದಕ್ಕೆ ನನ್ನ ಬಳಿಯೂ ಸಮಾಧಾನವಿಲ್ಲ. ಆದರೆ 10ರ ಎರಡೂವರೆ ಗಂಟೆಯನ್ನು ಹೇಡಿತನ ಎನ್ನುವವರು ಕುಸ್ತಿಯನ್ನು ಭುಜದ ಮೇಲಿಂದ ಮಾತ್ರ ನೋಡಿದವರು. ಗಾಮಾನಂಥವನು ಮೇಲೆ ಕೂತಿರುವಾಗ ಎರಡೂವರೆ ಗಂಟೆ ಒಂದು ಭುಜವನ್ನೂ ಬಿಟ್ಟುಕೊಡದೆ ಇರುವುದು ಸುಮ್ಮನೆ ಮಲಗುವ ಕೆಲಸವೇ? ಮೇಲಿನವನು ಯಾವ ಕಡೆ ಭಾರ ಹಾಕುತ್ತಾನೋ ಆ ಕಡೆಗೆ ಸೊಂಟ ಜರುಗಬೇಕು, ಅದೂ ಒಂದು ಕ್ಷಣ ಮುಂಚೆ. ಕೈ ಚಾಚಿದರೆ ಕೈ ಹೋಯಿತು, ತಲೆ ಎತ್ತಿದರೆ ಕುತ್ತಿಗೆ ಹೋಯಿತು. ಬೆನ್ನ ಮೇಲೆ ತೊಂಬತ್ತು ಕೆಜಿ ಇರುವಾಗ ಉಸಿರನ್ನು ಅಳೆದು ಬಿಡಬೇಕು. ಗ್ರೀಕೊ ರೋಮನ್ ಕಲಿಸುವುದೇ ಇದನ್ನು. ನೋಡಲು ಬೇಸರ, ಒಪ್ಪುತ್ತೇನೆ. ಬೇಸರವಾದದ್ದೆಲ್ಲ ವಿದ್ಯೆಯಲ್ಲ ಎಂದರೆ ಎಷ್ಟೋ ಒಳ್ಳೆಯ ವಿದ್ಯೆಗಳು ಬಾಗಿಲು ಹಾಕಿಕೊಳ್ಳಬೇಕಾಗುತ್ತದೆ.

ಗಾಮಾ ಏಕೆ ಮಗುಚಲಾರದೆ ಹೋದ? ಅವನ ಬಲಕ್ಕೇನೂ ಕಡಿಮೆಯಿರಲಿಲ್ಲ. ಮಟ್ಟಿಯ ವಿದ್ಯೆಯಲ್ಲಿ ಮಗುಚುವ ಪಟ್ಟುಗಳೂ ಇವೆ. ಆದರೆ ಆ ಪಟ್ಟುಗಳು ಎದ್ದು ಗೆಲ್ಲಬೇಕೆಂಬ ಆಸೆ ಇರುವ ಎದುರಾಳಿಗಾಗಿ ಬೆಳೆದವು. ಏಳುವ ಆಸೆಯನ್ನೇ ಬಿಟ್ಟವನನ್ನು ಅಲ್ಲಾಡಿಸಲು ಲ್ಯಾಂಕಶೈರಿನವರ ಹತ್ತಿರ ಇನ್ನೊಂದು ದಾರಿಯಿತ್ತು: ಪಾದ ತಿರುಚಿ ನೋವು ಕೊಟ್ಟು, ನೋವು ತಪ್ಪಿಸಿಕೊಳ್ಳಲು ಅವನೇ ತಾನಾಗಿ ಹೊರಳುವಂತೆ ಮಾಡುವುದು. ಅಮೆರಿಕದ ಫ್ರಾಂಕ್ ಗಾಚ್ ಇದೇ ಪಾದದ ಪಟ್ಟಿಗೆ ಹೆಸರಾಗಿದ್ದ. 1908ರಲ್ಲಿ ಷಿಕಾಗೊದಲ್ಲಿ ಹ್ಯಾಕೆನ್‌ಸ್ಮಿತ್‌ನಂಥ ಗ್ರೀಕೊ ರೋಮನ್ ದೈತ್ಯ ಎರಡು ಗಂಟೆ ಅವನೊಂದಿಗೆ ಹೆಣಗಿ ಕೈಚೆಲ್ಲಿದ. ಗಾಮಾನ ವಿದ್ಯೆಯಲ್ಲಿ ಇದು ಹೆದ್ದಾರಿಯಾಗಿರಲಿಲ್ಲ. ಸೋಲಿನ ಅರ್ಥ ಬೇರೆ, ಹಾಗಾಗಿ ಸಲಕರಣೆಯೂ ಬೇರೆ.

ಅದಕ್ಕೆ ಸಾಕ್ಷಿ 1928ರ ಜನವರಿ. ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಇಬ್ಬರನ್ನೂ ಮತ್ತೆ ಕೂಡಿಸಿದರು. ಇಬ್ಬರಿಗೂ ಐವತ್ತರ ಆಸುಪಾಸು. ಈ ಸಲ ನೆಲ ಮಣ್ಣಿನದು, ನಿಯಮ ನಮ್ಮದು. ಒಂದು ನಿಮಿಷ ತುಂಬುವುದರೊಳಗೆ ಝಬಿಸ್ಕೊ ಚಿತ್. ಹದಿನೆಂಟು ವರ್ಷದ ಹಿಂದೆ ಎರಡೂವರೆ ಗಂಟೆಯಲ್ಲಿ ಆಗದ್ದು ಒಂದೇ ನಿಮಿಷದಲ್ಲಿ ಆಯಿತು. ವಯಸ್ಸು ಒಂದು ಕಾರಣ ಇರಬಹುದು, ಆದರೆ ವಯಸ್ಸು ಇಬ್ಬರಿಗೂ ಆಗಿತ್ತು. ನನಗೆ ಕಾಣುವುದು ಇಷ್ಟು: ಬೆನ್ನು ಒಮ್ಮೆ ತಾಗಿದರೆ ಸೋಲು ಎನ್ನುವ ಕಡೆ ಗಾಮಾನ ಮೊದಲ ಹೊಡೆತವೇ ಕೊನೆಯದು. ಬಿದ್ದ ಮೇಲೆ ತೋರಿಸಬೇಕಾದ ಝಬಿಸ್ಕೊನ ವಿದ್ಯೆಗೆ ಅಲ್ಲಿ ಸರದಿಯೇ ಬರಲಿಲ್ಲ.

ಝಬಿಸ್ಕೊನನ್ನು ಇಷ್ಟಕ್ಕೇ ಬಿಡಲು ನನಗೆ ಮನಸ್ಸಿಲ್ಲ. 1920ರ ದಶಕದ ಹೊತ್ತಿಗೆ ಅಮೆರಿಕದಲ್ಲಿ ವೃತ್ತಿ ಕುಸ್ತಿ ಮೊದಲೇ ಮಾತಾಡಿಕೊಂಡು ಆಡುವ ಆಟವಾಗಿತ್ತು. ಯಾರು ಗೆಲ್ಲಬೇಕು ಎನ್ನುವುದನ್ನು ವ್ಯಾಪಾರಸ್ಥರು ತೀರ್ಮಾನಿಸುತ್ತಿದ್ದರು. 1925ರಲ್ಲಿ ಅವರು ವೇಯ್ನ್ ಮನ್ ಎಂಬ ಫುಟ್‌ಬಾಲ್ ಆಟಗಾರನನ್ನು ಚಾಂಪಿಯನ್ ಮಾಡಿದರು. ಆಳು ಆಜಾನುಬಾಹು, ಹೆಸರು ಮೊದಲೇ ಇತ್ತು, ಟಿಕೆಟ್ ಹೋಗುತ್ತಿತ್ತು. ಕುಸ್ತಿ ಮಾತ್ರ ಬರುತ್ತಿರಲಿಲ್ಲ. ಏಪ್ರಿಲ್ 15ರಂದು ಫಿಲಡೆಲ್ಫಿಯಾದಲ್ಲಿ ಅವನ ಕೈಲಿ ಸೋಲಬೇಕೆಂದು ಮಾತಾಗಿದ್ದವನು ನಮ್ಮ ಝಬಿಸ್ಕೊ, ನಲವತ್ತೈದು ದಾಟಿದ ಮುದುಕ. ಎದುರು ಪಂಗಡದವರ ಜೊತೆ ಒಳಗೊಳಗೇ ಕೈ ಸೇರಿಸಿದ್ದ ಝಬಿಸ್ಕೊ ಅಂದು ನಿಜವಾಗಿಯೇ ಆಡಿಬಿಟ್ಟ. ಮತ್ತೆ ಮತ್ತೆ ಮನ್‌ನ ಭುಜಗಳನ್ನು ನೆಲಕ್ಕೆ ಒತ್ತಿದ. ರೆಫ್ರಿ ಕಂಡೂ ಕಾಣದ ಹಾಗಿರಲು ನೋಡಿದ. ಆದರೆ ಜನರೆಲ್ಲ ನೋಡುತ್ತಿದ್ದಾರಲ್ಲ! ಕೊನೆಗೆ ಝಬಿಸ್ಕೊ ಗೆದ್ದ ಎಂದು ಕೈ ಎತ್ತಲೇಬೇಕಾಯಿತು. ಅಂದಿನಿಂದ ಅಮೆರಿಕದ ವ್ಯಾಪಾರಸ್ಥರಿಗೆ ಒಂದು ಭಯ ಹತ್ತಿತು. ಚಾಂಪಿಯನ್ ಎನ್ನಿಸಿಕೊಂಡವನಿಗೆ ನಾಟಕದ ಹಿಂದೆ ಅಸಲಿ ಕುಸ್ತಿಯೂ ಗೊತ್ತಿರಲೇಬೇಕು, ಇಲ್ಲದಿದ್ದರೆ ಬೆಲ್ಟು ಯಾವ ದಿನ ಯಾರ ಸೊಂಟಕ್ಕೆ ಹೋಗುತ್ತದೋ ಹೇಳಲಾಗದು.

ಸಿನಿಮಾ ಇಷ್ಟಪಡುವವರಿಗೆ ಒಂದು ಮಾತು. 1950ರ ‘ನೈಟ್ ಅಂಡ್ ದ ಸಿಟಿ’ ಎಂಬ ಇಂಗ್ಲಿಷ್ ಚಿತ್ರದಲ್ಲಿ ಇದೇ ಝಬಿಸ್ಕೊ ಹಳೆಯ ಗ್ರೀಕೊ ರೋಮನ್ ಜಟ್ಟಿಯ ಪಾತ್ರ ಮಾಡಿದ್ದಾನೆ. ಎಪ್ಪತ್ತರ ಹತ್ತಿರದ ಆ ಶರೀರ ಎದುರಾಳಿಯನ್ನು ಅವಚುವ ರೀತಿ ನೋಡಿದರೆ ವೈಟ್ ಸಿಟಿಯಲ್ಲಿ ಗಾಮಾನಿಗೆ ಏನು ಎದುರಾಗಿತ್ತೆಂದು ಸ್ವಲ್ಪ ಗೊತ್ತಾಗುತ್ತದೆ.

ಈಗ ಲ್ಯಾಂಕಶೈರಿಗೆ ಬರೋಣ. ವಿಗನ್ ಎಂಬ ಊರಿನಲ್ಲಿ ಬಿಲ್ಲಿ ರೈಲಿ ಎಂಬ ಉಸ್ತಾದನ ಗರಡಿ ಇತ್ತು. ಗರಡಿ ಎಂದರೆ ಒಂದು ಗುಡಿಸಲಿನಂಥ ಶೆಡ್ಡು. ಅದಕ್ಕೆ ಹಾವಿನ ಗುಂಡಿ ಎಂದು ಅಡ್ಡಹೆಸರು. ಅಲ್ಲಿಗೆ ಕಾರ್ಲ್ ಇಸ್ತಾಜ್ ಎಂಬ ಬೆಲ್ಜಿಯಂ ದೇಶದ ಜಟ್ಟಿ ಹೋದ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಗ್ರೀಕೊ ರೋಮನ್, ಫ್ರೀಸ್ಟೈಲ್ ಎರಡರಲ್ಲೂ ಆಡಿದವನು, ಕಲ್ಲಿನಂಥ ಮೈ. ಅಲ್ಲಿ ತನಗಿಂತ ಸಣ್ಣ ಆಳುಗಳು ಅವನನ್ನು ಗಂಟು ಹಾಕಿ ಕೂರಿಸಿದರು. ನಾಚಿಕೊಂಡು ಹೊರಟುಹೋಗುವುದರ ಬದಲು ಅವನು ಅಲ್ಲೇ ನಿಂತು ಕಲಿತ. ಮುಂದೆ ಕಾರ್ಲ್ ಗಾಚ್ ಎಂದು ಹೆಸರು ಬದಲಾಯಿಸಿಕೊಂಡು ಜಪಾನಿಗೆ ಹೋದವನು ಅಲ್ಲಿ ಕುಸ್ತಿಯ ದೇವರು ಎನ್ನಿಸಿಕೊಂಡ.

ಈ ಕಾರ್ಲ್ ಗಾಚ್ ಜಪಾನಿನ ಹುಡುಗರಿಗೆ ಹೇಳಿಕೊಟ್ಟ ಸಾಮು ಯಾವುದು ಗೊತ್ತೇ? ನಮ್ಮ ದಂಡೆ, ನಮ್ಮ ಬೈಠಕ್, ನಮ್ಮ ಗದೆ. ನೂರುಗಟ್ಟಲೆ ಬೈಠಕ್ ಹೊಡೆಯದವನಿಗೆ ಪಟ್ಟು ಹೇಳಿಕೊಡುವುದೇ ಇಲ್ಲ ಎನ್ನುವ ಹಟ. ಅವನ ಮುಖ್ಯ ಶಿಷ್ಯ ಅಂಟೋನಿಯೊ ಇನೋಕಿ. ಬಾಕ್ಸರ್ ಮಹಮ್ಮದ್ ಅಲಿಯ ಮೇಲೆ 1976ರ ಜೂನ್ 26ರಂದು ಟೋಕಿಯೊದಲ್ಲಿ ಹದಿನೈದು ಸುತ್ತು ಆಡಿದನಲ್ಲ, ಅದೇ ಇನೋಕಿ. ಅಂದು ಅವನು ಹೆಚ್ಚಿನ ಹೊತ್ತು ನೆಲದ ಮೇಲೆ ಅಂಗಾತ ಬಿದ್ದುಕೊಂಡೇ ಅಲಿಯ ಕಾಲಿಗೆ ಒದೆಯುತ್ತಿದ್ದ. ಜಗತ್ತೆಲ್ಲ ನಕ್ಕಿತು. ನಿಯಮದ ಪಟ್ಟಿ ಅವನ ಕೈಗಳನ್ನು ಕಟ್ಟಿಹಾಕಿತ್ತು, ಮುಷ್ಟಿಯ ವ್ಯಾಪ್ತಿಯಲ್ಲಿ ನಿಂತರೆ ಒಂದೇ ಏಟು. ಉಳಿದದ್ದು ಅದೊಂದೇ ದಾರಿ. ಅಲಿಯ ಕಾಲು ಊದಿಕೊಂಡಿತು, ಆಟ ಸಮ ಎಂದು ಘೋಷಣೆಯಾಯಿತು.

ಅದೇ ವರ್ಷ ಡಿಸೆಂಬರ್ 12ರಂದು ಇನೋಕಿ ಕರಾಚಿಗೆ ಬಂದ. ಎದುರಾಳಿ ಅಕ್ರಂ ಪೈಲ್ವಾನ್. ಅಕ್ರಂ ಯಾರು? ಲಂಡನ್ನಿಗೆ ಹೋಗಿದ್ದ ಇಮಾಂ ಬಕ್ಷ್‌ನ ಮಗ. ಗಾಮಾನಿಗೆ ತಮ್ಮನ ಮಗ. ಅಲ್ಲಿಗೆ ನೋಡಿ, 1910ರಲ್ಲಿ ಅರ್ಧಕ್ಕೆ ನಿಂತಿದ್ದ ಮಾತು ಇನ್ನೊಂದು ತಲೆಮಾರಿನಲ್ಲಿ ಮುಂದುವರಿಯಿತು. ಮೂರನೇ ಸುತ್ತಿನಲ್ಲಿ ಇನೋಕಿ ಅಕ್ರಂನ ತೋಳಿಗೆ ವಿಗನ್ನಿನವರ ಮಣಿಕಟ್ಟಿನ ಪಟ್ಟು ಹಾಕಿದ.

ರೇಡಿಯೊದಲ್ಲಿ ಪಟ್ಟು ತೋರಿಸಲು ಆಗುವುದಿಲ್ಲ. ಕೇಳುತ್ತಿರುವವರು ಕೂತಲ್ಲೇ ಒಂದು ಕೆಲಸ ಮಾಡಬಹುದು. ನಿಮ್ಮ ಎಡಗೈಯನ್ನು ಬೆನ್ನ ಹಿಂದಕ್ಕೆ ಮಡಚಿ. ಈಗ ಮಣಿಕಟ್ಟನ್ನು ನಿಧಾನವಾಗಿ ಮೇಲಕ್ಕೆ, ಹೆಗಲಿನ ಕಡೆಗೆ ಸರಿಸಿ. ಒಂದು ಹಂತದಲ್ಲಿ ಭುಜದ ಕೀಲು ‘ಇನ್ನು ಆಗದು’ ಎನ್ನುತ್ತದೆ. ಅಲ್ಲೇ ಬಿಡಿ, ದಯವಿಟ್ಟು! ಆ ಪಟ್ಟಿನಲ್ಲಿ ಎದುರಾಳಿ ಒಂದು ಕೈಯಲ್ಲಿ ನಿಮ್ಮ ಮಣಿಕಟ್ಟು ಹಿಡಿದು, ಇನ್ನೊಂದು ಕೈಯನ್ನು ನಿಮ್ಮ ತೋಳಿನ ಮೇಲಿಂದ ಸುತ್ತಿಸಿ ತನ್ನದೇ ಮಣಿಕಟ್ಟು ಹಿಡಿದುಕೊಳ್ಳುತ್ತಾನೆ. ಅವನ ಎರಡು ಕೈ, ಎದೆ, ಸೊಂಟ, ಇಡೀ ಮೈ ಒಂದು ಕಡೆ. ನಿಮ್ಮ ಒಂದು ಭುಜದ ಕೀಲು ಇನ್ನೊಂದು ಕಡೆ. ಇಲ್ಲಿ ಬಲಾಬಲದ ಪ್ರಶ್ನೆಯೇ ಉಳಿಯುವುದಿಲ್ಲ.

ಕ್ಯಾಚ್ ಕಲಿತವನಾಗಿದ್ದರೆ ಅಲ್ಲಿ ಅಂಗೈ ತಟ್ಟಿ ಸೋಲೊಪ್ಪುತ್ತಿದ್ದ. ಅಕ್ರಂ ಒಪ್ಪಲಿಲ್ಲ. ಬೆನ್ನು ಮಣ್ಣಿಗೆ ತಾಗದೆ ಸೋಲು ಎಂಬುದು ಅವನ ಮನೆತನದ ಲೆಕ್ಕದಲ್ಲೇ ಇರಲಿಲ್ಲ. ತೋಳು ಹೋಯಿತು. ವೈದ್ಯರು ಬಂದು ಆಟ ನಿಲ್ಲಿಸಿದರು, ತುಂಬಿದ ಸ್ಟೇಡಿಯಂ ತಣ್ಣಗೆ ಕೂತಿತು. ಅಕ್ರಂನಿಗೆ ವಿದ್ಯೆ ಕಡಿಮೆಯಿತ್ತು ಎಂದು ಜಪಾನಿನವರು ಬರೆದರೆ ನಾನು ಒಪ್ಪಲಾರೆ. ಅವನು ಓದಿದ ಪುಸ್ತಕದಲ್ಲಿ ಆ ಪಾಠವೇ ಇರಲಿಲ್ಲ. ಪರೀಕ್ಷೆಗೆ ಅದೇ ಬಂತು.

ಆ ಮನೆತನದವರು ಸುಮ್ಮನೆ ಕೂರಲಿಲ್ಲ. ಅಕ್ರಂನ ಅಣ್ಣ ಅಸ್ಲಂನ ಮಗ ಝಾರಾ, ಇಪ್ಪತ್ತೂ ತುಂಬದ ಹುಡುಗ, 1979ರ ಜೂನ್ 17ರಂದು ಲಾಹೋರಿನಲ್ಲಿ ಅದೇ ಇನೋಕಿಯ ಎದುರು ನಿಂತ. ದೊಡ್ಡಪ್ಪ, ಚಿಕ್ಕಪ್ಪಂದಿರೆಲ್ಲ ಸೇರಿ ತಯಾರು ಮಾಡಿದ ಹುಡುಗ. ಐದು ಸುತ್ತು ಆಡಿದರೂ ಇನೋಕಿಗೆ ಅವನ ತೋಳು ಸಿಗಲಿಲ್ಲ. ಆಟ ಮುಗಿದಾಗ ಇನೋಕಿ ತಾನೇ ಹೋಗಿ ಝಾರಾನ ಕೈ ಎತ್ತಿ ಹಿಡಿದ. ಎರಡೂವರೆ ವರ್ಷದಲ್ಲಿ ಒಂದು ಮನೆತನ ಇನ್ನೊಂದು ಪದ್ಧತಿಯ ಸೋಲನ್ನು ಕಲಿತು, ಅದರಿಂದ ತಪ್ಪಿಸಿಕೊಳ್ಳುವುದನ್ನೂ ಕಲಿತಿತ್ತು.

ಇಷ್ಟು ಹೊತ್ತು ಹೇಳಿದ್ದು ಅಸಲಿ ಕುಸ್ತಿಯ ಮಾತು. ಇನ್ನು ಟಿವಿಯ ಕುಸ್ತಿ. 1990ರ ದಶಕದಲ್ಲಿ ನಮ್ಮ ಊರುಗಳಿಗೆ ಕೇಬಲ್ ಟಿವಿ ಬಂದಾಗ ಜೊತೆಯಲ್ಲೇ ಡಬ್ಲ್ಯೂಡಬ್ಲ್ಯೂಎಫ್ ಎಂಬ ಅಮೆರಿಕದ ಕುಸ್ತಿ ಪ್ರದರ್ಶನ ಬಂತು, ಅದರ ಹಿಂದೆಯೇ ಟ್ರಂಪ್ ಕಾರ್ಡು ಬಂತು. ಶಾಲೆಯ ಬೆಂಚಿನ ಕೆಳಗೆ ಆಡಿದವರಿಗೆ ನೆನಪಿರುತ್ತದೆ. ಒಂದೊಂದು ಕಾರ್ಡಿನಲ್ಲೂ ಒಬ್ಬ ಪೈಲ್ವಾನ್, ಅವನ ರ‍್ಯಾಂಕು, ಎತ್ತರ, ತೂಕ, ಎದೆಸುತ್ತು, ತೋಳುಸುತ್ತು. ಯೊಕೊಜುನಾ ಕೈಗೆ ಬಂದರೆ ತೂಕ ಎಂದು ಕೂಗಿದವನೇ ಗೆದ್ದ. ಎಲ್ಲವೂ ಅಳತೆಯೇ. ವಿದ್ಯೆಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಇದ್ದಿದ್ದರೆ ಬ್ರೆಟ್ ಹಾರ್ಟ್‌ನ ಕಾರ್ಡು ಯಾರೂ ಬಿಟ್ಟುಕೊಡುತ್ತಿರಲಿಲ್ಲ.

ಅದೆಲ್ಲ ನಾಟಕ, ಅದರಲ್ಲೇನು ವಿದ್ಯೆ ಎಂದು ಕೇಳುವವರಿದ್ದಾರೆ. ನಾಟಕ ಹೌದು. ಅಲ್ಲಿ ಸೋಲು ಗೆಲುವು ಮೊದಲೇ ಗೊತ್ತು. ಹಾಗಾದರೆ ನನ್ನ ಪ್ರಶ್ನೆ ಅಲ್ಲಿಗೂ ಹಾಕಿ ನೋಡಿ. ಆ ಕಸುಬಿನಲ್ಲಿ ನಿಜವಾದ ಸೋಲು ಯಾವುದು? ಜನ ನಂಬದೇ ಹೋಗುವುದು ಒಂದು. ಎದುರಾಳಿಗೆ ಪೆಟ್ಟಾಗುವುದು ಇನ್ನೊಂದು. ಈ ಎರಡರಿಂದ ತಪ್ಪಿಸಿಕೊಳ್ಳುವುದೇ ಅಲ್ಲಿಯ ವಿದ್ಯೆ. ಬ್ರೆಟ್ ಹಾರ್ಟ್ ಕೆನಡಾದ ಕ್ಯಾಲ್ಗರಿಯಲ್ಲಿ ಅಪ್ಪ ಸ್ಟು ಹಾರ್ಟ್‌ನ ಮನೆಯ ನೆಲಮಾಳಿಗೆಯ ಗರಡಿಯ ನೆರಳಿನಲ್ಲಿ ಬೆಳೆದವನು. 1992ರ ಆಗಸ್ಟ್ 29ರಂದು ಲಂಡನ್ನಿನ ವೆಂಬ್ಲಿ ಸ್ಟೇಡಿಯಮ್ಮಿನಲ್ಲಿ ತನ್ನ ತಂಗಿಯ ಗಂಡ ಡೇವಿ ಬಾಯ್ ಸ್ಮಿತ್‌ನ ಕೈಲಿ ಅವನು ಸೋಲಬೇಕಿತ್ತು. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಡೇವಿಗೆ ಮಾತಾಡಿಕೊಂಡದ್ದೆಲ್ಲ ಮರೆತುಹೋಯಿತು ಎಂದು ಬ್ರೆಟ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅಲ್ಲಿಂದ ಮುಂದೆ ಒಂದೊಂದು ನಡೆಯನ್ನೂ ಬ್ರೆಟ್ ಹೇಳಿಕೊಟ್ಟು ಆಡಿಸಿದ. ತಲೆ ಕಂಕುಳಲ್ಲಿ ಸಿಕ್ಕಿರುವಾಗ ಬಾಯಿ ಕಿವಿಯ ಹತ್ತಿರ ಇರುತ್ತದಲ್ಲ, ಅದೇ ಅನುಕೂಲ. ಸ್ಟೇಡಿಯಂ ತುಂಬ ಇದ್ದ ಜನ ಡೇವಿಯ ಪರಾಕ್ರಮಕ್ಕೆ ಚಪ್ಪಾಳೆ ತಟ್ಟಿದರು. ತನ್ನ ಸೋಲನ್ನು ತಾನೇ ಕಟ್ಟಿ, ಎದುರಾಳಿಯ ಕೈಗೆ ಕೊಟ್ಟು, ಅದು ಅವನ ಗೆಲುವು ಎಂದು ಜನ ನಂಬುವಂತೆ ಮಾಡುವುದು ಸಣ್ಣ ಕೆಲಸವಲ್ಲ. ಈ ವಿದ್ಯೆ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದನ್ನೂ ಬ್ರೆಟ್ ಅನುಭವಿಸಿದ. 1999ರ ಡಿಸೆಂಬರಿನಲ್ಲಿ ಗೋಲ್ಡ್‌ಬರ್ಗ್ ಎಂಬ ಎದುರಾಳಿ ಒದ್ದ ಒಂದು ಒದೆ ಲೆಕ್ಕ ತಪ್ಪಿ ತಲೆಗೆ ಬಿದ್ದು, ಮರುವರ್ಷವೇ ಅವನು ಕಸುಬು ಬಿಡಬೇಕಾಯಿತು.

ಒಲಿಂಪಿಕ್ ಚಿನ್ನ ಗೆದ್ದವನು ಇಲ್ಲಿಗೆ ಬಂದರೆ ತಾನಾಗಿಯೇ ದೊಡ್ಡವನಾಗುತ್ತಾನೆ ಎಂದೂ ಇಲ್ಲ. 1996ರ ಅಟ್ಲಾಂಟಾದಲ್ಲಿ ಚಿನ್ನ ಗೆದ್ದ ಕರ್ಟ್ ಆಂಗಲ್ ಎರಡನೆಯ ಕಸುಬನ್ನೂ ಬೇಗ ಕಲಿತ, ಅದು ಅವನ ಹೆಚ್ಚುಗಾರಿಕೆ. ಮೆಕ್ಸಿಕೊದಿಂದ ಬಂದವರಿಗೆ ಇನ್ನೊಂದು ಪೇಚು. ಅಮೆರಿಕದವರು ಪಟ್ಟು ಹಾಕುವುದು ಎದುರಾಳಿಯ ಎಡಗೈ, ಎಡಗಾಲಿಗೆ. ಮೆಕ್ಸಿಕೊದವರಿಗೆ ಬಲಗಡೆಯೇ ರೂಢಿ. ಹುಟ್ಟಿನಿಂದ ಬಲಕ್ಕೆ ಬಗ್ಗಿ ಅಭ್ಯಾಸವಾದ ಮೈಯನ್ನು ಎಡಕ್ಕೆ ತಿರುಗಿಸಿಕೊಳ್ಳಬೇಕು. ಟಿವಿಯಲ್ಲಿ ನೋಡುವ ನಮಗೆ ಅವರ ಹಾರಾಟ ಮಾತ್ರ ಕಾಣುತ್ತದೆ.

ಕೊನೆಗೆ, ಇಷ್ಟೆಲ್ಲ ಹೇಳಿ ನೀನು ಯಾರನ್ನು ಮೇಲೆ ಕೂರಿಸುತ್ತೀಯ ಎಂದು ನೀವು ಕೇಳಬಹುದು. ನಿಂತ ಕುಸ್ತಿಯಲ್ಲಿ ಗಾಮಾನಿಗೆ ಎದುರಿಲ್ಲ. ಬಿದ್ದ ಕುಸ್ತಿಯಲ್ಲಿ ಸಿಕ್ಕದೆ ಇರುವ ವಿದ್ಯೆಗೆ ಝಬಿಸ್ಕೊ. ಎಲ್ಲ ನೆಲಕ್ಕೂ ಒಗ್ಗಿದ ಒಬ್ಬನೇ ಒಬ್ಬನನ್ನು ಹೇಳು ಎಂದರೆ ನಾನು ಬಿಲ್ಲಿ ರಾಬಿನ್ಸನ್ ಎನ್ನುತ್ತೇನೆ. ಮ್ಯಾಂಚೆಸ್ಟರಿನವನು, ಹುಡುಗನಾಗಿದ್ದಾಗಲೇ ಒಂದು ಕಣ್ಣು ಹೋಗಿತ್ತು, ವಿಗನ್ನಿನ ಅದೇ ಹಾವಿನ ಗುಂಡಿಯಲ್ಲಿ ಪಳಗಿದವನು. ಎದುರಾಳಿಯ ಎರಡೂ ತೋಳುಗಳನ್ನು ಎದುರಿನಿಂದ ಸಿಕ್ಕಿಸಿ, ತಾನು ಹಿಂದಕ್ಕೆ ಕಮಾನಾಗಿ ಬಾಗಿ, ಅವನನ್ನು ತಲೆಯ ಮೇಲಿಂದ ಆಚೆಗೆ ಒಗೆಯುವ ಅವನ ಎತ್ತು ಜಪಾನಿಗೇ ಪಾಠವಾಯಿತು. ಮುಪ್ಪಿನಲ್ಲಿ ಟೋಕಿಯೊದಲ್ಲಿ ಕೂತು ಹುಡುಗರಿಗೆ ಹೇಳಿಕೊಟ್ಟ. ಅವನ ಕೈಯಲ್ಲಿ ಪಳಗಿದ ಸಕುರಾಬಾ ಎಂಬ ಶಿಷ್ಯ 2000ದಲ್ಲಿ ಬ್ರೆಜಿಲ್ಲಿನ ರೆಂಝೊ ಗ್ರೇಸಿಯ ತೋಳನ್ನು ಮುರಿದದ್ದು, ಅಕ್ರಂನ ತೋಳು ಹೋದ ಅದೇ ಪಟ್ಟಿನಲ್ಲಿ.

ರಾಬಿನ್ಸನ್ 1975ರ ಡಿಸೆಂಬರ್ 11ರಂದು ಟೋಕಿಯೊದ ಕುರಾಮಾಯೆ ಸಭಾಂಗಣದಲ್ಲಿ ಇನೋಕಿಯ ಮೇಲೆ ಆಡಿದ. ಮೂರರಲ್ಲಿ ಎರಡು ಗೆಲ್ಲಬೇಕು, ಅವಧಿ ಅರವತ್ತು ನಿಮಿಷ. ಮೊದಲನೆಯದು ರಾಬಿನ್ಸನ್‌ಗೆ, ಎರಡನೆಯದು ಕೊನೆಯ ಗಳಿಗೆಯಲ್ಲಿ ಇನೋಕಿಗೆ, ಒಟ್ಟಿನಲ್ಲಿ ಸಮ. ಮಾತಾಡಿಕೊಂಡು ಆಡಿದ್ದೇ ಇರಬಹುದು. ಆದರೆ ಒಂದು ಪಟ್ಟಿನಿಂದ ಇನ್ನೊಂದಕ್ಕೆ ಅವನ ಸೊಂಟ ಜರುಗುವುದರಲ್ಲಿ, ಬಿಡಿಸಿಕೊಳ್ಳುವಾಗ ಮೊದಲು ಅಲ್ಲಾಡುವ ಪಾದದಲ್ಲಿ ಸುಳ್ಳು ಇಲ್ಲ. ಅದರ ಚಿತ್ರೀಕರಣ ಉಳಿದಿದೆ, ಹುಡುಕಿದರೆ ಸಿಗುತ್ತದೆ. ಬಿಡುವು ಮಾಡಿಕೊಂಡು ಒಂದು ಗಂಟೆ ಕೂತು ನೋಡಿ, ಭುಜ ಬಿಟ್ಟು ಸೊಂಟ, ಪಾದಗಳನ್ನು ನೋಡಿ. ಆಮೇಲೂ ನನ್ನ ತೀರ್ಪು ಸರಿಯಲ್ಲ ಅನ್ನಿಸಿದರೆ ಆಕಾಶವಾಣಿಗೆ ಕಾಗದ ಬರೆಯಿರಿ.